ಮಲೆನಾಡಿನ ಮೂರು ಪೇಟೆಗಳು

ಊರಿನ ಹೆಸರನ್ನು ಬಿಡಿಸಿ ನೋಡುವುದು ಕನ್ನಡ ಪಂಡಿತರಿಗೆ ಅಂಟಿದ ಚಪಲ. ವ್ಯಾಕರಣದ ಪಾಠದಿಂದ ಹುಡುಗರು ಬೇಸತ್ತ ಹೊತ್ತಿನಲ್ಲಿ ನಾನೂ ಈ ಚಪಲಕ್ಕೆ ಎಡೆಗೊಡುವುದುಂಟು. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಮೂರು ತಾಲ್ಲೂಕು ಕೇಂದ್ರಗಳ ಹೆಸರನ್ನೇ ತೆಗೆದುಕೊಳ್ಳಿ: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಕೊಪ್ಪವೆಂದರೆ ನಾಲ್ಕಾರು ಮನೆಗಳ ಸಣ್ಣ ಊರು, ಅಷ್ಟೆ. ನಮ್ಮ ಸೀಮೆಯಲ್ಲಿ ಅದೆಷ್ಟೋ ಕೊಪ್ಪಗಳಿವೆ. ಶೃಂಗೇರಿ ಋಷ್ಯಶೃಂಗನ ಗಿರಿ. ಶೃಂಗಗಿರಿ ಎಂಬುದು ಜನರ ನಾಲಗೆಯಲ್ಲಿ ಸವೆದು ಸವೆದು ಶೃಂಗೇರಿಯಾಯಿತು. ನರಸಿಂಹರಾಜಪುರಕ್ಕಾದರೋ ಹಾಗೆ ಸವೆಯುವಷ್ಟು ವಯಸ್ಸಾಗಿಲ್ಲ. 1915ರವರೆಗೂ ಅದು ಎಡೇಹಳ್ಳಿ. ಹೀಗೆ ಒಂದು ಹೆಸರು ಒಕ್ಕಲಿನದು, ಒಂದು ಪುರಾಣದ್ದು, ಒಂದು ಅರಮನೆಯದು. ಈ ಮೂರು ಪೇಟೆಗಳು ಕಟ್ಟಲ್ಪಟ್ಟ ಬಗೆಯೂ ಮೂರು ತೆರನಾದದ್ದು ಎಂಬುದನ್ನು ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಬಯಲುಸೀಮೆಯ ಹಳ್ಳಿಯನ್ನು ಕಂಡವರಿಗೆ ಮಲೆನಾಡಿನ ಊರು ಊರೆಂದೇ ತೋರದು. ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡು ಬೀದಿಯಾಗುತ್ತದೆ, ಬೀದಿಗೆ ಬೀದಿ ಕೂಡಿ ಊರಾಗುತ್ತದೆ, ಊರ ಸುತ್ತ ಹೊಲಗಳಿರುತ್ತವೆ. ಮಲೆನಾಡಿನಲ್ಲಿ ಮನೆ ಇರುವುದು ತನ್ನ ಗದ್ದೆಯ ತಲೆಯಲ್ಲಿ, ತನ್ನ ತೋಟದ ಮಗ್ಗುಲಲ್ಲಿ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡ, ಒಂದು ಹಳ್ಳ, ಒಂದು ಕಾಲುಸಂಕ. ಬೀದಿ ಎಂಬ ಮಾತೇ ಅಲ್ಲಿಗೆ ಹೊರಗಿನದು. ಆದುದರಿಂದ ಮಲೆನಾಡಿನಲ್ಲಿ ಪೇಟೆ ತಾನಾಗಿ ಹುಟ್ಟಿ ಬೆಳೆಯುವುದಿಲ್ಲ. ಹೊರಗಿನಿಂದ ಏನಾದರೊಂದು ಬರಬೇಕು; ಅದು ಬಂದ ಹಾದಿಯ ಇಕ್ಕೆಲದಲ್ಲಿ ಅಂಗಡಿ ಏಳಬೇಕು. ಆ ಹಾದಿ ಕಡಿದರೆ ಪೇಟೆಯೂ ಬಡವಾಗುತ್ತದೆ. 2001ರ ಜನಗಣತಿಯಲ್ಲಿ ಶೃಂಗೇರಿ ಪಟ್ಟಣದಲ್ಲಿ 4000ಕ್ಕೆ ಮಿಕ್ಕು, ಕೊಪ್ಪದಲ್ಲಿ 5000ದ ಸುಮಾರು, ನರಸಿಂಹರಾಜಪುರದಲ್ಲಿ 7000ಕ್ಕೆ ಮಿಕ್ಕು ಜನರಿದ್ದರು. ಮೂರನ್ನೂ ಕೂಡಿಸಿದರೂ ಬೆಂಗಳೂರಿನ ಒಂದು ಬಡಾವಣೆಯಷ್ಟಾಗದು. ಗಾತ್ರ ಸಣ್ಣದೆಂದು ಚರಿತ್ರೆಯೂ ಸಣ್ಣದೆನ್ನಬೇಡಿ.

ಮೊದಲು ಶೃಂಗೇರಿ. ಶ್ರೀ ಶಂಕರಾಚಾರ್ಯರು ಇಲ್ಲಿ ಪೀಠವನ್ನು ಸ್ಥಾಪಿಸಿದರೆಂಬುದು ಎಲ್ಲರೂ ಬಲ್ಲ ಪರಂಪರೆ. ಆದರೆ ಕಲ್ಲು ಗಾರೆಗಳ ಶೃಂಗೇರಿ ನಮಗೆ ಸ್ಪಷ್ಟವಾಗಿ ಕಾಣತೊಡಗುವುದು ಹದಿನಾಲ್ಕನೆಯ ಶತಮಾನದಲ್ಲಿ. ವಿಜಯನಗರದ ಸ್ಥಾಪನೆಯ ವರ್ಷವೆಂದು ಹೇಳುವ 1336ರಿಂದ ಹತ್ತು ವರ್ಷ ಕಳೆದು, 1346ರಲ್ಲಿ, ಹರಿಹರನೂ ಅವನ ಸೋದರರೂ ಶೃಂಗೇರಿಗೆ ಬಂದು ಭಾರತೀತೀರ್ಥರಿಗೂ ಅವರ ಪರಿವಾರಕ್ಕೂ ಭೂಮಿಯನ್ನು ಬಿಟ್ಟುಕೊಟ್ಟುದನ್ನು ಅಲ್ಲಿಯ ಶಾಸನ ಸಾರುತ್ತದೆ. ಮುಂದೆ 1386ರಲ್ಲಿ ಎರಡನೆಯ ಹರಿಹರ ವಿದ್ಯಾರಣ್ಯರ ನೆನಪಿಗಾಗಿ ವಿದ್ಯಾರಣ್ಯಪುರವೆಂಬ ಅಗ್ರಹಾರವನ್ನು ಮಾಡಿಸಿದ. ಅಗ್ರಹಾರವೆಂದೊಡನೆ ನಮ್ಮ ಕಣ್ಣಿಗೆ ಮಂತ್ರಘೋಷ ಬರುತ್ತದೆಯೇ ಹೊರತು ಅಳತೆಗೋಲು ಬರುವುದಿಲ್ಲ. ವಾಸ್ತವದಲ್ಲಿ ಅಗ್ರಹಾರ ಒಂದು ಲೆಕ್ಕಾಚಾರದ ಊರು. ಇಂತಿಷ್ಟು ವೃತ್ತಿಗಳು, ವೃತ್ತಿಗೆ ಇಂತಿಷ್ಟು ಗದ್ದೆ, ಇರಲು ಮನೆಯ ನಿವೇಶನ, ಇದೆಲ್ಲವೂ ಮೊದಲೇ ಗೊತ್ತಾಗಬೇಕು. ಇಂದು ಬಡಾವಣೆಯ ನಕ್ಷೆ ಬರೆಯುವವರು ಮಾಡುವ ಕೆಲಸವನ್ನೇ ಅಂದು ತಾಮ್ರದ ಹಾಳೆ ಮಾಡುತ್ತಿತ್ತು. ಚದುರಿದ ಒಂಟಿಮನೆಗಳ ನಾಡಿಗೆ ಸಾಲುಮನೆಯ ಬೀದಿಯನ್ನು ತಂದುದು ಅಗ್ರಹಾರವೇ ಎಂದು ನನ್ನ ಎಣಿಕೆ. ಶೃಂಗೇರಿಯ ಭಾರತೀ ಬೀದಿ, ಹರಿಹರ ಬೀದಿ ಎಂಬ ಹೆಸರುಗಳಲ್ಲಿ ಗುರುವೂ ಅರಸನೂ ಇಂದಿಗೂ ಅಕ್ಕಪಕ್ಕದಲ್ಲಿದ್ದಾರೆ.

ತುಂಗೆಯ ಎಡದಂಡೆಯ ವಿದ್ಯಾಶಂಕರ ದೇವಾಲಯವನ್ನು ನೀವು ನೋಡಿಯೇ ಇದ್ದೀರಿ. ಮಠದ ಪರಂಪರೆ ಅದಕ್ಕೆ 1338 ಎಂಬ ವರ್ಷವನ್ನು ಕೊಡುತ್ತದೆ. ಶಿಲ್ಪವನ್ನೂ ಶಾಸನವನ್ನೂ ಒರೆಹಚ್ಚಿ ನೋಡಿದ ವಿದ್ವಾಂಸರಲ್ಲಿ ಹಲವರು ಆ ಶತಮಾನದ ಉತ್ತರಾರ್ಧಕ್ಕೆ ತರುತ್ತಾರೆ. ಹನ್ನೆರಡು ರಾಶಿಕಂಬಗಳ ಮಾತನ್ನು ಮಾರ್ಗದರ್ಶಕರು ಎಲ್ಲರಿಗೂ ಹೇಳುತ್ತಾರಾದ್ದರಿಂದ ನಾನು ಮತ್ತೆ ಹೇಳಲಾರೆ. ಹೋದಾಗ ತಲೆಯೆತ್ತಿ ಸೂರನ್ನು ನೋಡಿ. ವರ್ಷದಲ್ಲಿ ನಾಲ್ಕು ತಿಂಗಳು ಹಗಲಿರುಳೂ ಸುರಿಯುವ ಮಳೆಯ ನಡುವೆ, ಹೊರಕ್ಕೆ ಚಾಚಿ ಕೆಳಗೆ ಬಾಗಿದ ಆ ಕಲ್ಲಿನ ಚಾವಣಿಯಂಚು ಆರು ಶತಮಾನಗಳಿಂದ ನೀರನ್ನು ಗೋಡೆಯಿಂದ ದೂರ ಚೆಲ್ಲುತ್ತಲೇ ಬಂದಿದೆ. ಅದೇ ಆವರಣದ ಶಾರದೆಯ ಗುಡಿಯಾದರೋ ಬಹುಕಾಲ ಮರದ ಕಟ್ಟಡ, ಮೇಲೆ ಹೆಂಚು, ಮಲೆನಾಡಿನ ಹಿರಿಯ ಮನೆಯೊಂದರ ಹಾಗೆ. ಈಗಿನ ಕಲ್ಲಿನ ದೇವಾಲಯಕ್ಕೆ ಕುಂಭಾಭಿಷೇಕವಾದುದು 1916ರಲ್ಲಿ.

ಕಟ್ಟಿದ್ದು ಕೆಡುವುದೂ ಉಂಟು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನ ಲೂಟಿಗಾರರು ಶೃಂಗೇರಿಯನ್ನು ಸೂರೆಗೈದರು. ಶಾರದೆಯ ವಿಗ್ರಹವನ್ನೂ ಬಿಡಲಿಲ್ಲ. ಆಗ ಮಠದ ಸ್ವಾಮಿಗಳು ನೆರವು ಬೇಡಿದುದು ಟಿಪ್ಪು ಸುಲ್ತಾನನಲ್ಲಿ. ಸುಲ್ತಾನ ನಗದನ್ನೂ ಸಾಮಗ್ರಿಯನ್ನೂ ಒದಗಿಸುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ಈ ಪತ್ರವ್ಯವಹಾರವನ್ನು 1916ರಲ್ಲಿ ಮಠದಲ್ಲಿ ಕಂಡು ಬೆಳಕಿಗೆ ತಂದವರು ಮೈಸೂರಿನ ಪ್ರಾಕ್ತನ ವಿಮರ್ಶ ಇಲಾಖೆಯ ಆರ್. ನರಸಿಂಹಾಚಾರ್ಯರು. ಕವಿಚರಿತೆಯನ್ನು ಬರೆದ ಮಹನೀಯರೇ ಇವರು. ಹೊಸ ಶಾರದಾ ದೇವಾಲಯದ ಕಲಶ ಏರಿದ ವರ್ಷವೇ ಹಳೆಯ ಗುಡಿಯ ಕಷ್ಟದ ಕಾಗದಗಳೂ ಹೊರಬಂದುವು.

ಜಹಗೀರಿನ ಕಾಲ ಮುಗಿದು, 1955ರಲ್ಲಿ ಧಾರ್ಮಿಕ ಇನಾಮುಗಳ ರದ್ದತಿಯ ಕಾನೂನು ಬಂದಮೇಲೆ, ಶೃಂಗೇರಿಯ ಜೀವನ ಗದ್ದೆಯ ಗೇಣಿಯಿಂದ ಯಾತ್ರಿಕನ ಕಡೆಗೆ ಹೊರಳಿತು. ಇಂದು ಶಿವಮೊಗ್ಗೆಯಿಂದ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಊರನ್ನು ಹಾದುಹೋಗುತ್ತದೆ. 2014ರಲ್ಲಿ ಮಠದ ಮುಂದೆ ಎತ್ತರದ ರಾಜಗೋಪುರ ಎದ್ದಿತು. ವಸತಿಗೃಹಗಳು ಎದ್ದುವು, ಏಳುತ್ತಲೂ ಇವೆ. ಒಂದು ಕಡೆ ಗುಡ್ಡ, ಒಂದು ಕಡೆ ಹೊಳೆ. ನಡುವೆ ಇರುವ ನೆಲ ಹಿಡಿಯಷ್ಟು. ಜಾಗ ಸಾಲದಾದಾಗ ಮನುಷ್ಯ ಗುಡ್ಡವನ್ನು ಕಡಿಯುತ್ತಾನೆ, ಇಲ್ಲವೆ ಹೊಳೆಯ ಕಡೆ ಸರಿಯುತ್ತಾನೆ. ಆಷಾಢ ಶ್ರಾವಣಗಳಲ್ಲಿ ತುಂಗೆ ತುಂಬಿ ಗಾಂಧಿ ಮೈದಾನಕ್ಕೆ ನುಗ್ಗಿದ ಸುದ್ದಿಯನ್ನು ನೀವು ಪ್ರದೇಶ ಸಮಾಚಾರದಲ್ಲಿ ಕೇಳಿರುತ್ತೀರಿ. ಹೊಳೆ ನುಗ್ಗಿತು ಎಂದು ನಾವು ಹೇಳುತ್ತೇವೆ. ಮೈದಾನ ಹೊಳೆಯ ಪಾತ್ರಕ್ಕೆ ಎಷ್ಟು ಹತ್ತಿರ ಎಂಬುದನ್ನು ವಿದ್ಯಾಶಂಕರದ ಎತ್ತರದ ಜಗತಿಯ ಮೇಲೆ ನಿಂತು ನೋಡಿದರೆ ಮಾತು ಬದಲಾದೀತು.

ಇಲ್ಲಿ ಸೂರಿನ ವಿಷಯವನ್ನು ಸ್ವಲ್ಪ ಹೇಳಬೇಕು. ಮಲೆನಾಡಿನ ಕಟ್ಟಡಗಳ ಚರಿತ್ರೆಯೆಂದರೆ ಮುಕ್ಕಾಲು ಪಾಲು ಸೂರಿನ ಚರಿತ್ರೆಯೇ. ಘಟ್ಟದಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕ ಮಳೆ. ಶೃಂಗೇರಿ, ಕೊಪ್ಪಗಳಲ್ಲಿ ಅಷ್ಟಿಲ್ಲವಾದರೂ ಬಯಲುಸೀಮೆಯವರು ನಂಬಲಾರದಷ್ಟಿದೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಇಲ್ಲವೆ ಮಣ್ಣಿನ ಗೋಡೆ. ಮೇಲೆ ಹುಲ್ಲು, ಅಡಿಕೆ ಸೋಗೆ, ಅನುಕೂಲಸ್ಥರಿಗೆ ನಾಡಹೆಂಚು. ಮಳೆಗಾಲ ಬಂತೆಂದರೆ ಗೋಡೆಗೆ ಸೋಗೆಯ ತಟ್ಟಿ ಕಟ್ಟಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವ ಆ ಚಪ್ಪಟೆ ಕೆಂಪು ಹೆಂಚು ಕ್ರಮೇಣ ಘಟ್ಟ ಹತ್ತಿತು. ಹೆಂಚು ಹಗುರವಾದುದರಿಂದ ತೊಲೆ ಸಣ್ಣದಾದರೂ ಸಾಕು, ಅಂಗಡಿಯ ಸಾಲನ್ನು ಬೇಗ ಎತ್ತಬಹುದು. ಬೆಂಕಿಯ ಭಯವೂ ಕಡಿಮೆ. ಮಲೆನಾಡಿನ ಪೇಟೆಬೀದಿಗೆ ಮುಖ ಬಂದುದು ಈ ಹೆಂಚಿನಿಂದ ಎಂದರೆ ತಪ್ಪಾಗದು. ಈಗ ಹೆಂಚು ಹೋಗಿ ಸಿಮೆಂಟಿನ ತಾರಸಿ ಬಂದಿದೆ. ಆದರೆ ಮಳೆ ಬದಲಾಗಲಿಲ್ಲವಲ್ಲ! ಸಾವಿರಾರು ರೂಪಾಯಿ ಸುರಿದು ತಾರಸಿ ಹಾಕುತ್ತಾರೆ. ಎರಡು ಮಳೆಗಾಲ ಕಳೆದಮೇಲೆ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಇಳಿಜಾರಾದ ತಗಡಿನ ಸೂರು ಹೊದಿಸುತ್ತಾರೆ. ಒಂದು ಮನೆಗೆ ಎರಡು ಮಾಡು. ಅಜ್ಜ ಮೊದಲೇ ಹೇಳಿದ್ದ ಮಾತಿಗೆ ಮೊಮ್ಮಗ ಇಮ್ಮಡಿ ಖರ್ಚಿನಲ್ಲಿ ತಲೆದೂಗಿದ ಹಾಗೆ.

ಕೊಪ್ಪದ ಕಥೆಯಲ್ಲಿ ಅರಸರಿಲ್ಲ, ಶಾಸನಗಳ ಸಡಗರವೂ ಇಲ್ಲ. ಅದು ಕಚೇರಿಯ ಊರು. ಹಿಂದಿನ ಕಡೂರು ಜಿಲ್ಲೆಯಲ್ಲಿ ಕೊಪ್ಪ ತಾಲ್ಲೂಕಿನ ಮಡಿಲಲ್ಲೇ ಶೃಂಗೇರಿಯ ಜಹಗೀರೂ ಎಡೇಹಳ್ಳಿಯ ಉಪತಾಲ್ಲೂಕೂ ಇದ್ದುವು. ಅಮಲ್ದಾರರ ಕಚೇರಿ ಇದ್ದಲ್ಲಿಗೆ ಕಂದಾಯ ಕಟ್ಟುವವ ಬರಬೇಕು. ಬಂದವನಿಗೆ ಊಟಕ್ಕೆ ಹೋಟೆಲು ಬೇಕು, ಅರ್ಜಿ ಬರೆಯುವವ ಬೇಕು, ಮನೆಗೆ ಒಯ್ಯಲು ಸೊಪ್ಪಿನ ಕತ್ತಿ, ಉಪ್ಪು, ಬಟ್ಟೆ ಬೇಕು. ಪೇಟೆಯಾಗಲು ಇಷ್ಟು ಸಾಕು. ಕಾಫಿ ತೋಟಗಳು ಹಬ್ಬಿದುವು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗ ಕೇಂದ್ರವನ್ನು ತೆರೆದುದೂ ಈ ಸೀಮೆಯಲ್ಲೇ. ಅದು ಇಂದು ಕೇಂದ್ರೀಯ ಕಾಫಿ ಸಂಶೋಧನ ಸಂಸ್ಥೆ.

ಆದರೆ ಕೊಪ್ಪವನ್ನು ನಾಡೆಲ್ಲ ಬಲ್ಲುದು ಅದರ ಬಸ್ಸುಗಳಿಂದ. ಒಂಟಿಮನೆಗಳ ನಾಡಿನಲ್ಲಿ ಬಸ್ಸೆಂದರೆ ಬರಿಯ ವಾಹನವಲ್ಲ, ಪೇಟೆಯ ಬೀದಿಯೇ ಉದ್ದಕ್ಕೆ ಚಾಚಿದ ಕೈ. 1991ರಲ್ಲಿ ಇಲ್ಲಿಯ ಖಾಸಗಿ ಬಸ್ ಕಂಪನಿಯೊಂದರ ಕಾರ್ಮಿಕರು, ಕೆಲಸ ಕೈಬಿಟ್ಟುಹೋಗುವ ಹೊತ್ತಿನಲ್ಲಿ, ತಾವೇ ಸಂಘ ಕಟ್ಟಿಕೊಂಡು ಕೆಲವೇ ಬಸ್ಸುಗಳಿಂದ ಸಹಕಾರ ಸಾರಿಗೆಯನ್ನು ಆರಂಭಿಸಿದರು. ಓಡಿಸುವವನೇ ಒಡೆಯ, ಚೀಟಿ ಹರಿಯುವವನೂ ಒಡೆಯ. ಬಸ್ಸುಗಳು 70ಕ್ಕೂ ಮೀರಿದುವು. ಸರ್ಕಾರದ ಬಸ್ಸು ಕಾಲಿಡದ ಮಣ್ಣುದಾರಿಗಳಲ್ಲಿ ಬೆಳಗಿನ ಶಾಲೆಯ ಹೊತ್ತಿಗೆ ಅವು ಬಂದು ನಿಂತುವು. ಮಕ್ಕಳಿಗೆ ರಿಯಾಯಿತಿ ದರ. ಹೀಗೆ ಮೂರು ದಶಕಗಳಿಗೆ ಸಮೀಪ ನಡೆದು, ನಷ್ಟ ತಾಳಲಾರದೆ 2020ರ ಫೆಬ್ರುವರಿಯಲ್ಲಿ ನಿಂತುಹೋಯಿತು. ಹೈಸ್ಕೂಲು ಮೇಷ್ಟರಾದವರಿಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಬಸ್ಸು ನಿಂತರೆ ತರಗತಿಯಲ್ಲಿ ಮೊದಲು ಬರಿದಾಗುವುದು ಹುಡುಗಿಯರ ಬೆಂಚು.

ಇನ್ನು ನರಸಿಂಹರಾಜಪುರ. ಮೂರರಲ್ಲಿ ದೊಡ್ಡ ಪೇಟೆ ಇದು. ಬೆಳೆಯುವುದಕ್ಕೆಂದೇ ನೀರೆರೆಯಲಾದ ಊರೂ ಇದೇ. ಹತ್ತಿರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ, ಜೈನ ಮಠ. ಸುತ್ತ ಬೀಟೆ, ತೇಗಗಳ ಕಾಡು. 1915ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ತಮ್ಮಂದಿರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಎಡೇಹಳ್ಳಿಗೆ ದಯಮಾಡಿಸಿದರು. ಅವರ ಹೆಸರೇ ಊರಿನ ಹೆಸರಾಯಿತು. ಅದು ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲ. ಹಳ್ಳಿಯನ್ನು ಪುರವೆಂದು ಕರೆದರೆ ಸಾಲದು, ಪುರಕ್ಕೆ ಬೇಕಾದ ಹಾದಿಯನ್ನೂ ಕೊಡಬೇಕೆಂಬ ಆಲೋಚನೆ ಆಗಿನ ಆಡಳಿತಕ್ಕೆ ಇತ್ತು. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲೇ ರೈಲು ಬಂದಿತ್ತು. ಆ ದಾರಿಯ ತರೀಕೆರೆಯಿಂದ ಕವಲೊಡೆದು ಕಾಡಿನೊಳಗೆ ಸುಮಾರು 27 ಮೈಲಿ ಉದ್ದದ ಕಿರುರೈಲು ನರಸಿಂಹರಾಜಪುರಕ್ಕೆ ಬಂತು. ಹಳಿಗಳ ನಡುವಣ ಅಂತರ ಎರಡೇ ಅಡಿ. ಟ್ರಾಂ ಎಂದು ಜನ ಕರೆದರು. ಮಲೆಯ ಮರಮಟ್ಟು, ತೋಟದ ಫಸಲು ಇಳಿಯುತ್ತಿತ್ತು. ಬಯಲಿನ ಸಾಮಾನು ಏರುತ್ತಿತ್ತು.

ರೈಲಿನಿಂದ ಊರು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಭೂಗೋಳದ ಪುಸ್ತಕಗಳು ಅಮೆರಿಕದ ಷಿಕಾಗೋ ನಗರವನ್ನು ತೋರಿಸುತ್ತವೆ. ವಿವೇಕಾನಂದರ ಉಪನ್ಯಾಸದಿಂದ ನಮಗೆಲ್ಲ ಪರಿಚಿತವಾದ ಊರು. 1840ರಲ್ಲಿ ಅಲ್ಲಿ ಇದ್ದವರು 4,470 ಜನ; ನಮ್ಮ ಶೃಂಗೇರಿಯಷ್ಟು. 1848ರಲ್ಲಿ ಕಾಲುವೆಯೂ ರೈಲೂ ಬಂದುವು. ಉತ್ತರದ ಕಾಡುಗಳ ಮರ, ಪಶ್ಚಿಮದ ಬಯಲುಗಳ ಗೋಧಿ ಅಲ್ಲಿ ಬಂದು ಬಿದ್ದುವು. ಬಹುಮಟ್ಟಿಗೆ ಮರದಿಂದ ಕಟ್ಟಿದ ಆ ನಗರದ ದೊಡ್ಡದೊಂದು ಭಾಗ 1871ರ ಅಕ್ಟೋಬರಿನಲ್ಲಿ ಬೆಂಕಿಗೆ ಆಹುತಿಯಾಗಿ, ಲಕ್ಷ ಜನ ಮನೆ ಕಳೆದುಕೊಂಡರೂ, 1890ರ ಜನಗಣತಿಯಲ್ಲಿ ಅದರ ಜನಸಂಖ್ಯೆ 11 ಲಕ್ಷದ ಸಮೀಪಕ್ಕೆ ಬಂದಿತ್ತು. ಹಾಗಾದರೆ ನರಸಿಂಹರಾಜಪುರಕ್ಕೆ ಕಾಡಿತ್ತು, ಮರವಿತ್ತು, ರೈಲಿತ್ತು. ಅದೇಕೆ ಬೆಳೆಯಲಿಲ್ಲ ಎಂದು ತರಗತಿಯಲ್ಲಿ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಷಿಕಾಗೋದಲ್ಲಿ ಹತ್ತು ದಿಕ್ಕಿನ ಹಳಿಗಳು ಕೂಡಿದುವು. ಬಂದ ಮರ ಅಲ್ಲಿಯೇ ಹಲಗೆಯಾಗಿ, ಹಲಗೆ ಮನೆಯಾಗಿ, ಲಾಭ ಅಲ್ಲಿಯೇ ಉಳಿಯಿತು. ನರಸಿಂಹರಾಜಪುರ ಕೊನೆಯ ನಿಲ್ದಾಣ. ಅಲ್ಲಿಂದ ಮುಂದೆ ಹಳಿಯಿಲ್ಲ. ಮರ ಅಲ್ಲಿ ಹತ್ತಿತು, ಬೇರೆಡೆ ಇಳಿಯಿತು. ಬೆಂಕೀಪುರವೆಂಬ ಸಣ್ಣ ಊರು ಭದ್ರಾವತಿಯೆಂದು ಹೆಸರು ಬದಲಿಸಿಕೊಂಡು, 1923ರಲ್ಲಿ ಕಬ್ಬಿಣ ಕರಗಿಸತೊಡಗಿದಾಗ ಅದರ ಕುಲುಮೆಗೆ ಬೇಕಾದುದು ಇದ್ದಿಲು. ಇದ್ದಿಲು ಬಂದುದು ಮಲೆಯ ಮರದಿಂದ. ಒಂದೇ ಹೊಳೆಯ ಮೇಲಣ ಊರು ಕಾಡನ್ನು ಕೊಟ್ಟಿತು, ಕೆಳಗಣ ಊರು ನಗರವಾಯಿತು.

ಕೊಟ್ಟುದು ಅಷ್ಟಕ್ಕೇ ಮುಗಿಯಲಿಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಆರಂಭವಾಗಿ 1965ರ ಹೊತ್ತಿಗೆ ಪೂರೈಸಿತು. ಜಲಾಶಯದ ಸಾಮರ್ಥ್ಯ 71.5 ಟಿ.ಎಂ.ಸಿ. ಶಿವಮೊಗ್ಗೆ, ದಾವಣಗೆರೆಗಳ ಕಡೆಯ 1 ಲಕ್ಷ ಹೆಕ್ಟೇರಿಗೂ ಮಿಕ್ಕ ಭೂಮಿಗೆ ನೀರು ಹರಿಯಿತು. ಒಣ ಹೊಲಗಳು ಗದ್ದೆಯಾದುವು, ಅಡಿಕೆ ತೋಟವಾದುವು, ದಾವಣಗೆರೆಯ ಸುತ್ತ ಅಕ್ಕಿಯ ಗಿರಣಿಗಳು ಎದ್ದುವು. ಇದು ಅಲ್ಪ ಸಾಧನೆಯಲ್ಲ. ಆ ನೀರನ್ನುಂಡವರಲ್ಲಿ ನೀವೂ ಇರಬಹುದು. ಆದರೆ ಅಣೆಕಟ್ಟಿನ ಹಿನ್ನೀರು ಹರಡಿದುದು ಎಡೇಹಳ್ಳಿ ಸೀಮೆಯ ಕಣಿವೆಯಲ್ಲಿ. ಹೊಳೆಬದಿಯ ಒಳ್ಳೆಯ ಗದ್ದೆಗಳು ಮುಳುಗಿದುವು, ಒಕ್ಕಲುಗಳು ಗಂಟುಮೂಟೆ ಕಟ್ಟಿದುವು. ತರೀಕೆರೆಯ ಕಡೆಯ ಕಿರುರೈಲಿನ ಹಾದಿಯೂ ನೀರಿನ ಕೆಳಗಾಯಿತು. ಪೇಟೆ ಮಾತ್ರ ದಡದಲ್ಲಿ ಉಳಿಯಿತು. ಯಾವ ಗದ್ದೆಗಳ ಒಕ್ಕಲು ಸಂತೆಗೆ ಬರುತ್ತಿದ್ದನೋ ಆ ಗದ್ದೆಗಳಿಲ್ಲ. ಯಾವ ಹಾದಿಯಿಂದ ಪುರವೆನಿಸಿತ್ತೋ ಆ ಹಾದಿಯಿಲ್ಲ. ಅಂಗಡಿಬೀದಿ ಬೆನ್ನನ್ನು ನೀರಿಗೆ ಮಾಡಿ, ಮುಖವನ್ನು ಶಿವಮೊಗ್ಗೆಯ ಮೋಟಾರು ರಸ್ತೆಗೆ ತಿರುಗಿಸಿಕೊಂಡಿತು.

ಆದರೂ ಊರು ಸಾಯಲಿಲ್ಲ. ಕೇರಳದಿಂದ ಬಂದ ಕೃಷಿಕ ಕುಟುಂಬಗಳು ಗುಡ್ಡಗಳಲ್ಲಿ ರಬ್ಬರನ್ನೂ ಶುಂಠಿಯನ್ನೂ ಬೆಳೆದುವು. ಬಸದಿ, ಗುಡಿ, ಮಸೀದಿಗಳ ಜೊತೆಗೆ ಇಗರ್ಜಿಗಳೂ ಎದ್ದುವು. ಸಂತೆಯಲ್ಲಿ ಕನ್ನಡದ ಪಕ್ಕದಲ್ಲಿ ಮಲೆಯಾಳವೂ ಕೊಂಕಣಿಯೂ ತುಳುವೂ ಕೇಳಿಸುತ್ತವೆ. ಮೂರು ಪೇಟೆಗಳಲ್ಲಿ ನಾಲಗೆಯ ವೈವಿಧ್ಯ ಹೆಚ್ಚಿರುವುದು ಇಲ್ಲಿಯೇ. ಹಳೆಯ ಬೀದಿಯ ಹೆಂಚಿನ ಅಂಗಡಿಗಳ ನಡುವೆ ಕಾಂಕ್ರೀಟಿನ ಮಳಿಗೆಗಳು ತಲೆಯೆತ್ತಿವೆ. ಪಟ್ಟಣ ಪಂಚಾಯಿತಿಯ ಮುಂದೆ ಈಗಿರುವ ಲೆಕ್ಕಗಳು ಎಲ್ಲ ಊರಿನವೇ: ಚರಂಡಿ, ಕುಡಿಯುವ ನೀರು, ಬಸ್ ನಿಲ್ದಾಣ. ಶಿವಮೊಗ್ಗೆ, ಚಿಕ್ಕಮಗಳೂರುಗಳಿಂದ ಶೃಂಗೇರಿಯ ಕಡೆಗೆ ರೈಲು ತರುವ ಮಾತು ದಶಕಗಳಿಂದ ನಡೆದಿದೆ, ಅಳತೆಗಳೂ ಆಗಿವೆ. ಇಂದಿಗೆ ಮೂರು ಪೇಟೆಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣವಿಲ್ಲ. ನೂರು ವರ್ಷದ ಹಿಂದೆ ಒಂದರಲ್ಲಿ ಇತ್ತೆಂದರೆ ಮಕ್ಕಳು ನಗುತ್ತಾರೆ.

ಅಣೆಕಟ್ಟು ಪೂರೈಸಿದ 1965ರಲ್ಲೇ ಭದ್ರಾವತಿಯ ಆಕಾಶವಾಣಿ ನಿಲಯವೂ ಮಾತಾಡತೊಡಗಿತು. ಮಳೆಗಾಲದಲ್ಲಿ ಜಲಾಶಯಗಳ ನೀರಿನ ಮಟ್ಟವನ್ನು ರೇಡಿಯೋದಲ್ಲಿ ಓದುವುದನ್ನು ನೀವು ಕೇಳಿದ್ದೀರಿ. ಭದ್ರೆಯದು ತುಂಬಿದಾಗ 186 ಅಡಿ. ದಾವಣಗೆರೆಯ ರೈತ ಆ ಸಂಖ್ಯೆಯನ್ನು ಕೇಳಿ ನಾಟಿಗೆ ಆಳು ಗೊತ್ತುಮಾಡಲು ಹೊರಡುತ್ತಾನೆ. ನರಸಿಂಹರಾಜಪುರದ ಹಿನ್ನೀರಿನ ದಡದಲ್ಲಿ ಅಷ್ಟು ಹೊತ್ತಿಗೆ, ಬೇಸಗೆಯಲ್ಲಿ ದನ ಮೇಯುತ್ತಿದ್ದ ಹುಲ್ಲುಗಾವಲು ಮುಳುಗಿರುತ್ತದೆ. ಅದರಡಿಯಲ್ಲಿ ಹಳೆಯ ಗದ್ದೆಯ ಬದುಗಳೂ ಇರುತ್ತವೆ.